ಎಕ್ಸ್‌ರೇ ಎರಡೂ ಕಾಲಿಗೆ ಒಂದೇ, ಆಪರೇಷನ್ ಮಾತ್ರ ಎಡಗಾಲಿಗೆ

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಮನೆ ಮೇಲೆ, ತೋಟ ಕೆಳಗೆ. ಮೊದಲು ಮೊಣಕಾಲು ನೋವು ಗೊತ್ತಾಗಿದ್ದು ಇಳಿಯುವಾಗ, ಹತ್ತುವಾಗ ಅಲ್ಲ. ಆಮೇಲೆ ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದು ಎದ್ದರೆ ಮೊಣಕಾಲಿನ ಗಂಟು ಹಿಡಿದುಕೊಂಡು ಬಿಡುತ್ತಿತ್ತು. ವಯಸ್ಸಾಯ್ತಲ್ಲ, ಅಷ್ಟೇ ಅಂದುಕೊಂಡೆ. ಆರು ವರ್ಷ ಎಣ್ಣೆ, ಬಿಸಿನೀರು, ಕೇಳಿ ತಂದ ನೋವಿನ ಮಾತ್ರೆ. ಆ ಮಾತ್ರೆ ಸುಮ್ನೆ ನುಂಗುತ್ತಾ ಹೋದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಅಂತ ಆಮೇಲೆ ಬೈಸಿಕೊಂಡೆ.

ಹುಬ್ಬಳ್ಳಿಯಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆದರು. ಮೈಭಾರ ಬಿದ್ದಾಗಲೇ ಮೂಳೆಗಳ ನಡುವೆ ಎಷ್ಟು ಜಾಗ ಉಳಿದಿದೆ ಅಂತ ಸರಿಯಾಗಿ ಕಾಣುವುದಂತೆ. ಎರಡೂ ಕಾಲಲ್ಲಿ ಒಳಬದಿಯ ಕಾರ್ಟಿಲೇಜ್, ಅಂದರೆ ಮೂಳೆತುದಿಯ ನುಣುಪು ಹೊದಿಕೆ, ಸವೆದು ಮೂಳೆಗೆ ಮೂಳೆ ತಾಗಿತ್ತು. ಎರಡೂ ಮೊಣಕಾಲಿನ ಗಂಟು ಬದಲಿಸಬೇಕು ಅಂತಾರೆ ಅಂದುಕೊಂಡೆ. ಆದರೆ ಡಾಕ್ಟರು ಫಿಲ್ಮ್ ನೋಡಿದ್ದಕ್ಕಿಂತ ಪ್ರಶ್ನೆ ಕೇಳಿದ್ದೇ ಜಾಸ್ತಿ: ರಾತ್ರಿ ನೋವಿಗೆ ಎಚ್ಚರ ಆಗ್ತದಾ, ಎಷ್ಟು ದೂರ ನಡೀತೀರಿ, ಫಿಸಿಯೋಥೆರಪಿ ಮಾಡಿದ್ರಾ, ತೂಕ ಇಳಿಸಿದ್ರಾ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ತಗ್ಗುತ್ತದಂತೆ. ನಾನು 7 ಕಿಲೋ ಇಳಿಸಿದೆ, ಮೂರು ತಿಂಗಳು ತೊಡೆಯ ವ್ಯಾಯಾಮವನ್ನೂ ಮಾಡಿದೆ. ಬಲಗಾಲು ಮಾತು ಕೇಳಿತು. ಎಡಗಾಲು ಕೇಳಲಿಲ್ಲ, ಅದು ಆಗಲೇ ಬಿಲ್ಲಿನ ಹಾಗೆ ಬಾಗಿತ್ತು, ಪೂರ್ತಿ ನೆಟ್ಟಗೂ ಆಗುತ್ತಿರಲಿಲ್ಲ.

ಎಡಗಾಲೇ ಯಾಕೆ? ಇಪ್ಪತ್ತೆಂಟರ ವಯಸ್ಸಲ್ಲಿ ಮಳೆಗಾಲದಲ್ಲಿ ತೋಟದ ಸಂಕದ ಮೇಲಿಂದ ಜಾರಿ ಬಿದ್ದಿದ್ದೆ. ಒಂದು ತಿಂಗಳು ಊದಿಕೊಂಡಿತ್ತು, ಪಟ್ಟು ಹಾಕಿ ಮರೆತೆ. ಒಳಗಿನ ಮೆನಿಸ್ಕಸ್, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಆಗಲೇ ಹರಿದಿರಬೇಕು ಅಂದರು ಡಾಕ್ಟರು. ಅದು ಹರಿದ ಗಂಟು ಬೇಗ ಸವೆಯುತ್ತದೆ.

ಎಡಗಾಲಿನ ಆಪರೇಷನ್‌ಗೆ ಸೇರಿದಾಗ ವಾರ್ಡಲ್ಲಿ ಪಕ್ಕದ ಹಾಸಿಗೆಯಲ್ಲಿ ಅಂಕೋಲಾ ಕಡೆಯ ತಂಗಿಯೊಬ್ಬಳಿದ್ದಳು, ಇನ್ನೂ ನಲವತ್ತೆರಡು. ಅವಳದು ಸವೆತ ಅಲ್ಲ, ರುಮಟಾಯ್ಡ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಗಂಟಿನ ಒಳಪದರವನ್ನು ತಿನ್ನುವ ಕಾಯಿಲೆ. ಕೃತಕ ಗಂಟು ಸಾಮಾನ್ಯವಾಗಿ 15–20 ವರ್ಷ ಬಾಳುತ್ತದೆ, ಅದಕ್ಕೇ ಅವಳ ಆಪರೇಷನ್ನನ್ನು ಮಾತ್ರೆಯಲ್ಲಿ ಆದಷ್ಟು ವರ್ಷ ಮುಂದೂಡಿದ್ದರಂತೆ.

ಊರಲ್ಲಿ ಎಲ್ಲರೂ ಚಿಪ್ಪು ಬದಲಿಸಿದ್ದು ಅಂತಾರೆ. ಹಾಗಲ್ಲ, ಸವೆದ ಮೂಳೆತುದಿ ಕತ್ತರಿಸಿ ಲೋಹದ ಟೋಪಿ ಹಾಕಿ, ನಡುವೆ ಪ್ಲಾಸ್ಟಿಕ್ ಮೆತ್ತೆ ಇಡುವುದು. ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ಮೊಣಕಾಲು ಮಡಿಸುವ ವ್ಯಾಯಾಮದಲ್ಲಿ ಕಣ್ಣೀರು ಬಂತು, ಸುಳ್ಳು ಹೇಳಲ್ಲ.

ಈಗ ಎಂಟು ತಿಂಗಳು. ತೋಟಕ್ಕೆ ಇಳಿಯುತ್ತೇನೆ, ನೆಲಕ್ಕೆ ಕೂರುವುದಿಲ್ಲ. ಮೆಟ್ಟುಗತ್ತಿ ತಮ್ಮನ ಮನೆ ಸೇರಿದೆ. ಬಲಗಾಲು ಈ ಮಳೆಗಾಲದಲ್ಲಿ ಎರಡು ರಾತ್ರಿ ಎಬ್ಬಿಸಿದೆ, ಲೆಕ್ಕ ಇಟ್ಟಿದ್ದೇನೆ.