ತಲೆಗೆ ಪೆಟ್ಟು ಬಿದ್ದರೆ ಆ ದಿನದ ಆಟ ಮುಗಿಯಿತು

14 ವರ್ಷದೊಳಗಿನ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಆ ಪಂದ್ಯದಲ್ಲಿ ಕಾರ್ನರ್ ಕಿಕ್‌ಗೆ ಇಬ್ಬರು ಒಟ್ಟಿಗೆ ಎಗರಿದರು, ತಲೆಗೆ ತಲೆ ತಾಗಿತು. ನಮ್ಮ ಹುಡುಗ ಬಿದ್ದವನೇ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಓಡಿಹೋಗಿ ಹೆಸರು ಕೇಳಿದೆ, ಹೇಳಿದ. ಬೆರಳು ತೋರಿಸಿ ಎಷ್ಟೆಂದೆ, ಅದನ್ನೂ ಸರಿಯಾಗಿ ಹೇಳಿದ. "ಏನೂ ಆಗಿಲ್ಲ ಸರ್, ಆಡುತ್ತೇನೆ" ಎಂದ. ಆಡಿಸಿದೆ.

ವಿರಾಮದಲ್ಲಿ ಅವನು ಶೂ ಲೇಸ್ ಕಟ್ಟುತ್ತಾ ಕುಳಿತಿದ್ದ. ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. "ಸ್ಕೋರ್ ಎಷ್ಟು ಸರ್?" ಎಂದ. ಒಂದು–ಸೊನ್ನೆ ಎಂದೆ. ಎರಡು ನಿಮಿಷ ಕಳೆದು ಅದನ್ನೇ ಕೇಳಿದ. ಮೂರನೆಯ ಸಲ ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ಆ ಒಂದು ಗೋಲು ಹೊಡೆದವನು ಅವನೇ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಎಲ್ಲ ಸರಿಯಿದೆ ಎಂದರು. ಅವನ ತಂದೆಗೆ ಹೋದ ಜೀವ ಬಂದಂತಾಯಿತು. "ಹಾಗಾದರೆ ಮುಂದಿನ ವಾರ ಆಡಬಹುದಲ್ಲ?" ಎಂದು ಕೇಳಿಯೇಬಿಟ್ಟರು. ವೈದ್ಯರು ಆಗದೆಂದು ತಲೆಯಾಡಿಸಿದರು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮೂಳೆ ಮುರಿತ ಕಾಣುತ್ತವೆ, ಕನ್‌ಕಷನ್ ಕಾಣುವುದಿಲ್ಲ. ಮಿದುಳು ಕುಲುಕಿ ಅದರ ಕೆಲಸ ಏರುಪೇರಾಗುವುದಷ್ಟೇ ಅದು. ಬಹುಪಾಲು ಮಕ್ಕಳಿಗೆ ಪ್ರಜ್ಞೆಯೂ ತಪ್ಪುವುದಿಲ್ಲ. ಪ್ರಜ್ಞೆ ತಪ್ಪಿದರೆ ಮಾತ್ರ ಗಂಭೀರ ಎಂದು ಅಷ್ಟು ವರ್ಷ ನಂಬಿಕೊಂಡಿದ್ದವನು ನಾನು.

ಆಮೇಲೆ ಓದಲು ಕುಳಿತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಝಾಕರಿ ಲಿಸ್ಟೆಡ್‌ಗೆ 2006ರಲ್ಲಿ 13 ವರ್ಷ. ಪೆಟ್ಟು ತಿಂದ ಮೇಲೂ ಅದೇ ಪಂದ್ಯಕ್ಕೆ ಮರಳಿದ, ಪಂದ್ಯ ಮುಗಿಯುತ್ತಲೇ ಕುಸಿದ. ಬದುಕುಳಿದ, ಆದರೆ ಮಾತು, ನಡಿಗೆಗಳನ್ನು ಮತ್ತೆ ಕಲಿಯಬೇಕಾಯಿತು. ಕನ್‌ಕಷನ್ ಅನುಮಾನವಿದ್ದವರನ್ನು ಆಟದಿಂದ ಹೊರಗಿಡಬೇಕೆಂಬ ಕಾನೂನು 2009ರಲ್ಲಿ ಅವನ ಹೆಸರಿನಲ್ಲೇ ಅಲ್ಲಿ ಬಂತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ಋತುವಿನ ಮೊದಲ ದಿನವೇ ಮಕ್ಕಳು, ಪೋಷಕರನ್ನು ಒಟ್ಟಿಗೆ ಕೂರಿಸಿ ಒಂದೇ ನಿಯಮ ಹೇಳುತ್ತೇನೆ: ಅನುಮಾನ ಬಂದರೂ ಸಾಕು, ಆ ದಿನ ಆಟವಿಲ್ಲ. ಫೈನಲ್ ಆದರೂ ಇಲ್ಲ. ಯಾರಾದರೂ ಗೊಣಗಿದರೆ 2019ರ ಲಾರ್ಡ್ಸ್ ಕ್ರಿಕೆಟ್ ಟೆಸ್ಟ್ ನೆನಪಿಸುತ್ತೇನೆ. ಕುತ್ತಿಗೆಗೆ ಚೆಂಡು ಬಡಿದ ಸ್ಟೀವ್ ಸ್ಮಿತ್ ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಬ್ಯಾಟ್ ಹಿಡಿದರು. ತಲೆನೋವು, ಮಂಪರು ಕಾಣಿಸಿಕೊಂಡದ್ದು ಮರುದಿನ ಬೆಳಗ್ಗೆ. ಪಕ್ಕದಲ್ಲೇ ತಂಡದ ವೈದ್ಯರಿರುವವರ ಕಥೆಯೇ ಹೀಗಾದರೆ ಬೆರಳು ಎಣಿಸುವ ನನ್ನ ಪರೀಕ್ಷೆಗೆ ಏನು ಬೆಲೆ?

ಹೆಸರು ಕೇಳುವುದನ್ನು ಬಿಟ್ಟಿದ್ದೇನೆ. ಹೆಸರನ್ನು ಯಾರೂ ಸುಲಭಕ್ಕೆ ಮರೆಯುವುದಿಲ್ಲ. ಇದು ಯಾವ ಮೈದಾನ, ಯಾವ ಅವಧಿ, ಕೊನೆಯ ಗೋಲು ಯಾರದು, ಹಿಂದಿನ ಪಂದ್ಯ ಯಾರ ಮೇಲೆ, ಗೆದ್ದೆವೋ ಸೋತೆವೋ ಎಂದು ಕೇಳುತ್ತೇನೆ. ಉತ್ತರ ತಪ್ಪಿದರೆ ಹೊರಗೆ. ಎಲ್ಲ ಸರಿ ಹೇಳಿದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ಜೊತೆಗಾರರಿಗೂ ಹೇಳಿಟ್ಟಿದ್ದೇನೆ: ಯಾರದಾದರೂ ನಡೆ, ಮಾತು ಬದಲಾಗಿದೆ ಅನ್ನಿಸಿದರೆ ಕೈ ಎತ್ತಿ. ಪೆಟ್ಟು ತಿಂದವನು ಸುಳ್ಳು ಹೇಳುತ್ತಾನೆ, ಪಕ್ಕದವನು ಹೇಳುವುದಿಲ್ಲ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಕತ್ತು ನೋವು, ಕೈಕಾಲಿನಲ್ಲಿ ಜುಮುಗುಡುವಿಕೆ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಪ್ರಶ್ನೆಗಳಿಗೆಲ್ಲ ಸಮಯವಿಲ್ಲ, ನೇರ ಆಸ್ಪತ್ರೆ.

ಪೆಟ್ಟನ್ನೇ ತಪ್ಪಿಸುವುದು ಕಷ್ಟ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗೆ ಮಿದುಳು ಕುಲುಕುವುದನ್ನು ಪೂರ್ತಿ ತಡೆಯಲಾರದು. ಚಿಕ್ಕವರ ಅಭ್ಯಾಸದಲ್ಲಿ ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು ಕೈಬಿಟ್ಟಿದ್ದೇನೆ, ಅಷ್ಟೆ.

ಆ ಹುಡುಗನನ್ನು ಮರಳಿ ತರಲು ನಾಲ್ಕು ವಾರ ಹಿಡಿಯಿತು. ಮೊದಲೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ. ಕತ್ತಲೆ ಕೋಣೆಯಲ್ಲಿ ಕೂಡಿಹಾಕಬೇಡಿ, ನಡೆದಾಡಲಿ ಎಂದರು ವೈದ್ಯರು. ಮೊದಲು ಶಾಲೆ, ಆಮೇಲೆ ಆಟ. ನಡಿಗೆ, ಓಟ, ಒಬ್ಬನೇ ಚೆಂಡಿನೊಡನೆ, ಮೈ ತಾಗದ ಅಭ್ಯಾಸ. ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ಮೈ ತಾಗುವ ಆಟಕ್ಕೆ ವೈದ್ಯರ ಒಪ್ಪಿಗೆ ಬೇಕೇಬೇಕು. ಓಟದ ಹಂತದಲ್ಲಿ ತಲೆನೋವು ಜೋರಾಯಿತು, ಒಂದು ಮೆಟ್ಟಿಲು ಕೆಳಗಿಳಿಸಿದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟ.

ಮರಳಿ ಆಡಿದ ಮೊದಲ ಪಂದ್ಯದಲ್ಲಿ ಚೆಂಡು ಅವನ ಹಣೆಯ ಎತ್ತರಕ್ಕೇ ಬಂತು. ಅರೆಕ್ಷಣ ನಿಂತು ಎದೆಯ ಮೇಲೆ ಇಳಿಸಿಕೊಂಡ. ನಾನು ಹೇಳಿಕೊಟ್ಟದ್ದಲ್ಲ.