ಡಾಲರ್ ನಾಣ್ಯದ ನಿಜ ಬೆಲೆ ಕಂಡುಹಿಡಿಯುವುದು ಹೇಗೆ?

ಅಮೆರಿಕದಿಂದ ರಜೆಗೆ ಬಂದ ಮಗಳು ಮೇಜಿನ ಮೇಲಿಟ್ಟ ಹೊಂಬಣ್ಣದ ಒಂದು ಡಾಲರ್ ನಾಣ್ಯದಲ್ಲಿ ಚಿನ್ನವಿಲ್ಲ. ಶೇ 88.5ರಷ್ಟು ತಾಮ್ರ, ಉಳಿದದ್ದು ಸತು, ಮ್ಯಾಂಗನೀಸ್, ನಿಕ್ಕಲ್. ಕೈಯಿಂದ ಕೈಗೆ ಓಡಾಡಿ ಸವೆದದ್ದಾದರೆ ಅದು ಬಾಳುವುದು ಒಂದೇ ಡಾಲರ್. ನಮ್ಮಲ್ಲಿ ವಿದೇಶಿ ಹಣ ಬದಲಿಸುವವರು ಸಾಮಾನ್ಯವಾಗಿ ನಾಣ್ಯ ಮುಟ್ಟುವುದೇ ಇಲ್ಲ. ಆದರೂ ಡಬ್ಬಿಗೆ ಹಾಕುವ ಮೊದಲು ಹತ್ತು ನಿಮಿಷ ಕೊಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ, 0.01 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಸಾಕು.

ಮೊದಲ ಮಾತು: ತೊಳೆಯಬೇಡಿ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಟಂಕಸಾಲೆಯ ಮೂಲ ಹೊಳಪು ಹೋಗುತ್ತದೆ. ಸಂಗ್ರಾಹಕರು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಈಗ ಗಾತ್ರ ನೋಡಿ. 38.1 ಮಿ.ಮೀ. ಅಗಲವಿದ್ದು, ಇಸವಿ 1971–78ರದ್ದಾದರೆ ಅದು ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಚಿತ್ರದ ಡಾಲರ್. ತೂಗಿ. ಹೊಸದಾಗಿದ್ದಾಗ 22.68 ಗ್ರಾಂ ಎಂದರೆ ತಾಮ್ರ-ನಿಕ್ಕಲ್, 24.59 ಗ್ರಾಂ ಎಂದರೆ ಶೇ 40 ಬೆಳ್ಳಿ, ಅಂದರೆ ಸುಮಾರು 9.84 ಗ್ರಾಂ ಬೆಳ್ಳಿ. ‘ಎಸ್’ ಗುರುತು ಕಂಡ ಮಾತ್ರಕ್ಕೆ ಬೆಳ್ಳಿಯೆಂದು ಕುಣಿಯಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ ಬೆಳ್ಳಿಯಿಲ್ಲದ್ದನ್ನೂ ಅಚ್ಚೊತ್ತಿದೆ. ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಂಡರೆ ಬೆಳ್ಳಿಯದಲ್ಲ ಎಂದೇ ತಿಳಿಯಿರಿ.

26.5 ಮಿ.ಮೀ. ಅಗಲದ ಬಿಳಿ ನಾಣ್ಯ ಮಹಿಳಾ ಮತದಾನ ಹಕ್ಕಿನ ಹೋರಾಟಗಾರ್ತಿ ಸೂಸಾನ್ ಆಂಟನಿಯದು. 1979ರ ‘ಪಿ’ (ಫಿಲಡೆಲ್ಫಿಯಾ ಟಂಕಸಾಲೆ) ಗುರುತಿನದರಲ್ಲಿ ಇಸವಿ ಅಂಚಿನ ದಿಂಡಿಗೆ ಅಂಟಿದಂತಿದ್ದರೆ ಎತ್ತಿಡಿ, ಮುಖಬೆಲೆಗಿಂತ ಹೆಚ್ಚು ಸಿಗುತ್ತದೆ.

ಅಮೆರಿಕದ ಮೂಲನಿವಾಸಿ ಮಹಿಳೆ ಸಕಾಗವೇಯಾ ಚಿತ್ರವಿರುವ ಹೊಂಬಣ್ಣದ, 2000ದ ‘ಪಿ’ ಗುರುತಿನ ನಾಣ್ಯ 76 ಕೋಟಿಗೂ ಹೆಚ್ಚು ಟಂಕಿತವಾಗಿದೆ. ಆ ವರ್ಷ ಚೀರಿಯೋಸ್ ಧಾನ್ಯದ ಪೆಟ್ಟಿಗೆಗಳಲ್ಲಿ 5,500 ನಾಣ್ಯ ಇಟ್ಟಿದ್ದರು. ಅವುಗಳಲ್ಲಿ ಕೆಲವದರ ಹಿಂಬದಿಯ ಹದ್ದಿನ ಬಾಲದ ಗರಿಗಳು ಎಳೆ ಎಳೆಯಾಗಿ ಮೂಡಿವೆ. ಸಾವಿರಾರು ಡಾಲರ್ ಬಾಳುವುದು ಅವೇ. ಮಸೂರ ಹಿಡಿದು ನೋಡಿ, ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಜನ ಹೆಚ್ಚು ಮೋಸ ಹೋಗುವುದು 2007ರಿಂದ ಬಂದ, ಅಮೆರಿಕದ ಅಧ್ಯಕ್ಷರ ಚಿತ್ರವಿರುವ ನಾಣ್ಯಗಳ ಸರಣಿಯಲ್ಲಿ. ಇಸವಿ, ಟಂಕಸಾಲೆಯ ಗುರುತು ಇರುವುದು ಅಂಚಿನ ಮೇಲೆ. ಆ ಅಕ್ಷರ ಒತ್ತುವುದು ಬೇರೊಂದು ಯಂತ್ರ. ನಾಣ್ಯ ಯಾವ ಮಗ್ಗುಲಲ್ಲಿ ಒಳಹೋದರೂ ಅದಕ್ಕೆ ಲೆಕ್ಕವಿಲ್ಲ, ಹಾಗಾಗಿ ಅಕ್ಷರ ತಲೆಕೆಳಗಿದ್ದರೆ ದೋಷವಲ್ಲ, ಹೆಚ್ಚಿನ ಬೆಲೆಯೂ ಇಲ್ಲ. ಆ ಯಂತ್ರವನ್ನೇ ತಪ್ಪಿಸಿಕೊಂಡು ಬಂದ, ಅಂಚು ನುಣುಪಾದ 2007ರ ವಾಷಿಂಗ್ಟನ್ ನಾಣ್ಯಕ್ಕೆ ಬೇಡಿಕೆಯಿದೆ. ಅಕ್ಷರವನ್ನು ಅರದಿಂದ ಉಜ್ಜಿ ಅಳಿಸಿ ಮಾರುವವರೂ ಇದ್ದಾರೆ! ತೂಕ 8.1 ಗ್ರಾಂಗಿಂತ, ಅಗಲ 26.5 ಮಿ.ಮೀ.ಗಿಂತ ಎದ್ದು ಕಾಣುವಷ್ಟು ಕಡಿಮೆಯಿದ್ದರೆ ಕೊಳ್ಳಬೇಡಿ.

ಬೆಲೆ ನೋಡುವಾಗ ಮಾರಾಟಗಾರ ಕೇಳಿದ್ದನ್ನಲ್ಲ, ಮಾರಾಟವಾದದ್ದನ್ನು ನೋಡಿ. ಐದು ಡಾಲರ್ ನಾಣ್ಯವನ್ನು ದರ್ಜೆ ಪರೀಕ್ಷೆಗೆ (ಸ್ಥಿತಿ ನೋಡಿ ದರ್ಜೆ ಕೊಡುವ ಸಂಸ್ಥೆಗೆ) ಕಳಿಸಿದರೆ ಶುಲ್ಕವೇ ಅದನ್ನು ನುಂಗುತ್ತದೆ. ಇಟ್ಟುಕೊಳ್ಳುವುದಾದರೆ ಮೆತ್ತನೆಯ ಪಿವಿಸಿ ಚೀಲ ಬೇಡ, ಕೆಲವು ವರ್ಷಗಳಲ್ಲಿ ಹಸಿರು ಅಂಟು ಬಿಡುತ್ತದೆ. ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕಟ್ಟು ಒಳ್ಳೆಯದು.