ಮೇರಿ ಡ್ರೆಸ್ಲರ್ ಆಗಲು ನಾನು ಮಾಡಿದ ತಾಲೀಮು

ರಂಗಭೂಮಿ ಮತ್ತು ಹಾಲಿವುಡ್‌ನ ಹಾಸ್ಯನಟಿ ಮೇರಿ ಡ್ರೆಸ್ಲರ್ ಬದುಕನ್ನು ಏಕವ್ಯಕ್ತಿ ರಂಗಪ್ರಯೋಗವಾಗಿ ಆಡಬೇಕೆಂದು ಹೊರಟಾಗ ನಾನು ಮೊದಲು ಕಲಿತದ್ದು ಆಕೆ ತೆರೆಯ ಮೇಲೆ ಆಡಿದ ಕುಡುಕಿಯ ನಡಿಗೆಯನ್ನು. ಮಾತು ಬರೆಯಲು ಕೂತದ್ದು ಆಮೇಲೆ.

1868ರಲ್ಲಿ ಕೆನಡಾದ ಕೋಬರ್ಗ್‌ನಲ್ಲಿ ಹುಟ್ಟಿದ ಡ್ರೆಸ್ಲರ್ ಹದಿಹರೆಯದಲ್ಲೇ ಊರೂರು ತಿರುಗುವ ನಾಟಕ ಕಂಪನಿ ಸೇರಿದವಳು. ಆಮೇಲೆ ವಾಡೆವಿಲ್‌ನಲ್ಲಿ ಪಳಗಿದಳು. ಹಾಡು, ಕುಣಿತ, ಜಾದೂ, ಹಾಸ್ಯ ಎಲ್ಲವೂ ಸರದಿಯಂತೆ ಬಂದುಹೋಗುವ ಆ ರಂಗದಲ್ಲಿ ತನ್ನ ಪಾಲಿನ ಕೆಲವೇ ನಿಮಿಷಗಳಲ್ಲಿ, ಮೈಕಿನ ನೆರವಿಲ್ಲದೆ, ಕೊನೆಯ ಸಾಲಿನವರನ್ನೂ ನಗಿಸಬೇಕಿತ್ತು.

ನನಗೆ ಪಾಠವಾದದ್ದು 1914ರ ಮೂಕಿ ಚಿತ್ರ ‘ಟಿಲ್ಲೀಸ್ ಪಂಕ್ಚರ್ಡ್ ರೊಮ್ಯಾನ್ಸ್’. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಆಕೆಯೇ ಗೆಲ್ಲಿಸಿದ್ದ ಟಿಲ್ಲಿ ಎಂಬ ಪಾತ್ರವೇ ಇಲ್ಲಿಯೂ ನಾಯಕಿ. ದುಡ್ಡಿನಾಸೆಗೆ ಅವಳ ಬೆನ್ನುಹತ್ತುವ ಮೋಸಗಾರನಾಗಿ ಚಾರ್ಲಿ ಚಾಪ್ಲಿನ್. ಅವನಿಗೆ ಅದು ಸಿನಿಮಾದಲ್ಲಿ ಮೊದಲ ವರ್ಷ, ಹೆಸರಿದ್ದದ್ದು ಈಕೆಗೆ. ಹಳೆಯ ಮೂಕಿಗಳನ್ನು ಈಗಿನ ವೇಗದಲ್ಲಿ ಓಡಿಸಿದರೆ ನಟರೆಲ್ಲ ದಡಬಡಿಸಿದಂತೆ ಕಾಣುತ್ತಾರೆ. ವೇಗ ತಗ್ಗಿಸಿ, ಟಿಲ್ಲಿ ಹೋಟೆಲಿನಲ್ಲಿ ಕುಡಿದು ತೂರಾಡುವ ಭಾಗವನ್ನು ಮತ್ತೆ ಮತ್ತೆ ನೋಡಿದೆ. ಕುಡಿದವಳಂತೆ ನಟಿಸುವಾಗ ನಾವು ಸಾಮಾನ್ಯವಾಗಿ ಮೈ ಸಡಿಲ ಬಿಡುತ್ತೇವೆ. ಡ್ರೆಸ್ಲರ್ ಹಾಗೆ ಮಾಡುವುದಿಲ್ಲ. ನೆಟ್ಟಗೆ ನಿಲ್ಲಲು ಹೆಣಗುತ್ತಾಳೆ, ನಗೆ ಹುಟ್ಟುವುದು ಆ ಹೆಣಗಾಟದಲ್ಲಿ. ಬರಿಗಾಲಿನಲ್ಲಿ, ಇಡೀ ಭಾರವನ್ನು ಒಂದು ಹಿಮ್ಮಡಿಯ ಮೇಲೆ ಹೇರಿ, ಇನ್ನೊಂದು ಕಾಲು ನೆಲ ಹುಡುಕುವಂತೆ ಅಭ್ಯಾಸ ಮಾಡಿದೆ. ಮೊದಲು ನೋಯುವುದು ಸೊಂಟ. ಮೈ ಬಿಸಿ ಮಾಡಿಕೊಳ್ಳದೆ ಯಾರೂ ಇದಕ್ಕೆ ಕೈಹಾಕಬಾರದು.

ನಾನು ಆಕೆಯನ್ನು ಪ್ರೀತಿಸುವುದಕ್ಕೆ ಇನ್ನೊಂದು ಕಾರಣ ಅಮೆರಿಕದ 1919ರ ನಟರ ಮುಷ್ಕರ. ಅಷ್ಟು ದೊಡ್ಡ ತಾರೆ ಸಾಲಿನಲ್ಲಿ ಕುಣಿಯುವ ಹುಡುಗಿಯರ ಪರ ನಿಂತು ಅವರ ಸಂಘದ ಮೊದಲ ಅಧ್ಯಕ್ಷೆಯಾದಳು. ಮುಂದಿನ ದಶಕದಲ್ಲಿ ಕೆಲಸವೇ ಕಡಿಮೆಯಾಯಿತು. ಚಿತ್ರಕಥೆಗಾರ್ತಿ ಫ್ರಾನ್ಸಿಸ್ ಮೇರಿಯನ್ ಕೈಹಿಡಿದು ಮತ್ತೆ ಸಿನಿಮಾಕ್ಕೆ ಕರೆತಂದಳು. ‘ಮಿನ್ ಅಂಡ್ ಬಿಲ್’ ಚಿತ್ರದ ನಟನೆಗೆ 1931ರಲ್ಲಿ ಆಸ್ಕರ್ ಬಂದಾಗ ಆಕೆಗೆ ಅರವತ್ತು ದಾಟಿತ್ತು.

ಅದಕ್ಕೂ ಮುನ್ನ, 1930ರ ವಾಕ್ಚಿತ್ರ ‘ಅನ್ನಾ ಕ್ರಿಸ್ಟಿ’ಯಲ್ಲಿ ಗ್ರೆಟಾ ಗಾರ್ಬೋ ಎದುರು ಆಕೆ ಬಂದರಿನ ಮುದಿ ಕುಡುಕಿ ಮಾರ್ಥಿ. ಟಿಲ್ಲಿಯ ಅಮಲು ಇಡೀ ಮೈಯಲ್ಲಿತ್ತು. ಕ್ಯಾಮೆರಾ ಹತ್ತಿರ ಬಂದ ಮೇಲೆ ಮಾರ್ಥಿಯ ಅಮಲು ಕಣ್ಣಿಗೆ, ತುಟಿಗೆ, ಒಡಕು ದನಿಗೆ ಇಳಿದಿದೆ. ಹಾಗಾಗಿ ನನ್ನ ಪ್ರಯೋಗದಲ್ಲಿ ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರಂತೆ, ಉಡುಪು ಬದಲಿಸದೆ ಆಡುತ್ತೇನೆ: ಟಿಲ್ಲಿಗೆ ಇಡೀ ರಂಗ, ಮಾರ್ಥಿಗೆ ಒಂದೇ ಕುರ್ಚಿ.